ನಮ್ಮ ಯಜಮಾನರಿಗೆ ಇಷ್ಟವಾದ ಊಟ

ನಮ್ಮ ಯಜಮಾನರು ತಮಗೆ ಎಲ್ಲಕ್ಕಿಂತ ಇಷ್ಟವಾದ ಊಟ ಯಾವುದು ಎನ್ನುವುದನ್ನು ಒಂದು ನೀಲಿ ಬಕೆಟ್ಟಿನ ಆಸೆಗೆ ಕಂಪನಿಗೆ ಕೊಟ್ಟು ಬಂದರು. ಬಕೆಟ್ಟು ಗಟ್ಟಿಮುಟ್ಟಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ, ಮುಚ್ಚಳವೂ ಇತ್ತು. ಆದರೂ ಊರಿಗೆಲ್ಲ ಅನ್ನ ಹಾಕುವ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು, ಕೊಡುವುದಕ್ಕೆ ಅದೇ ಸಿಕ್ಕಿತೇ ಈ ಮನುಷ್ಯನಿಗೆ? ಹುಟ್ಟಿದ ದಿನ ಕೊಡಬಹುದಿತ್ತು. ಚಪ್ಪಲಿಯ ಅಳತೆ ಕೊಡಬಹುದಿತ್ತು. ಕೇಳಿದರೆ, ಸಾಲು ಉದ್ದವಿತ್ತು ಕಣೇ, ಹಿಂದಿನವರು ನೂಕುತ್ತಿದ್ದರು, ಬಾಯಿಗೆ ಬಂದದ್ದು ಹೇಳಿಬಿಟ್ಟೆ ಎಂದರು. ಅವತ್ತು ನಾನು ಹಾರಾಡಿದ್ದಕ್ಕೆ ಪಕ್ಕದ ಮನೆಯ ಕೋಳಿಗಳು ಹಗಲಿನಲ್ಲೇ ಗೂಡು ಸೇರಿದವು.

ಕಂಪನಿ ಸಮುದ್ರದಾಚೆಯದು. ನಮ್ಮ ಊರಿನ ಹಳೆಯ ಟಾಕೀಸನ್ನು ಬಾಡಿಗೆಗೆ ಹಿಡಿದು, ಏಸಿ ಹಾಕಿಸಿ, ಗಾಜಿನ ಬಾಗಿಲು ಕೂರಿಸಿ, ಹಿಂದೆ ಟಿಕೆಟ್ ಕೊಡುತ್ತಿದ್ದ ಕಿಂಡಿಯಲ್ಲೇ ಕೌಂಟರು ತೆರೆಯಿತು. ಅದು ಏನು ಮಾರುತ್ತದೆ ಎನ್ನುವುದು ನಮಗೆ ಇವತ್ತಿಗೂ ಗೊತ್ತಿಲ್ಲ. ಕೊಳ್ಳುವುದು ಮಾತ್ರ ನಮ್ಮ ನಮ್ಮ ಸ್ವಂತ ವಿಷಯಗಳನ್ನು. ಕಿಂಡಿಗೆ ಬಾಯಿಟ್ಟು ಒಂದು ವಿಷಯ ಹೇಳಿದರೆ ಅದು ಹೇಳಿದವರ ತಲೆಯಿಂದ ಹೊರಟುಹೋಗುತ್ತದೆ. ಮನೆಯವರ ತಲೆಯಿಂದಲೂ, ನೆರೆಹೊರೆಯವರ ತಲೆಯಿಂದಲೂ ಹೋಗುತ್ತದೆ. ಏನನ್ನು ಕೊಟ್ಟೆವು ಎಂಬ ನೆನಪು ಇರುತ್ತದೆ, ಕೊಟ್ಟದ್ದು ಮಾತ್ರ ಇರುವುದಿಲ್ಲ. ಆಮೇಲೆ ಅದು ಊರಿನಲ್ಲೇ ಬೇರೆ ಯಾರೋ ಒಬ್ಬರ ತಲೆಯೊಳಗೆ ಭದ್ರವಾಗಿ ಕೂರುತ್ತದೆ. ಅಂಥವರನ್ನು ಜೋಪಾನದವರು ಎನ್ನುತ್ತಾರೆ. ಜೋಪಾನ ಮಾಡಿದ್ದಕ್ಕೆ ಅವರಿಗೆ ತಿಂಗಳಿಗೊಂದು ಸೋಪು. ಯಾರ ವಿಷಯ ಯಾರ ಬಳಿ ಇದೆ ಎಂದು ಯಾರೂ ಬಾಯಿ ಬಿಡುವಂತಿಲ್ಲ.

ಜನ ಹೊಂದಿಕೊಂಡರು. ನಮ್ಮ ಊರಿನವರು ಯಾವುದಕ್ಕೆ ಹೊಂದಿಕೊಂಡಿಲ್ಲ ಹೇಳಿ. ಡ್ರಾಯಿಂಗ್ ಮೇಷ್ಟ್ರು ತಾವು ಯಾವ ಮಗ್ಗುಲಿಗೆ ಮಲಗುತ್ತೇವೆ ಎನ್ನುವುದನ್ನು ಕೊಟ್ಟರು. ಅಂದಿನಿಂದ ಆರಾಮ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಾರೆ. ಕ್ಷೌರದ ನಿಂಗರಾಜು ಈ ಊರಿನಲ್ಲಿ ತನಗೆ ಯಾರನ್ನು ಕಂಡರೆ ಆಗುವುದಿಲ್ಲ ಎನ್ನುವುದನ್ನು ಕೊಟ್ಟ. ಆ ಮನುಷ್ಯ ತಪ್ಪಿಸಿಕೊಳ್ಳಬಾರದಲ್ಲ ಎಂದು ಈಗ ಎಲ್ಲರ ಕಿವಿಯ ಹಿಂದೆಯೂ ಚೂರು ಚೂರು ಗಾಯ ಮಾಡುತ್ತಾನೆ. ಬಳೆ ಅಂಗಡಿಯ ಸಾಕಮ್ಮ ವಯಸ್ಸು ಕೊಟ್ಟಳು. ಬಸ್ಸಿನಲ್ಲಿ ಅರ್ಧ ಟಿಕೆಟ್ ಕೇಳುತ್ತಾಳೆ, ಕಂಡಕ್ಟರಿಗೆ ಇಲ್ಲವೆನ್ನುವುದಕ್ಕೆ ಆಧಾರವಿಲ್ಲ.

ಇದಕ್ಕಿಂತ ದೊಡ್ಡ ಅನಾಹುತವೆಂದರೆ ಊರಿನಲ್ಲಿ ಜಗಳ ನಿಂತುಹೋಯಿತು. ತನ್ನ ವಿಷಯ ಯಾರ ತಲೆಯಲ್ಲಿದೆಯೋ ಯಾರಿಗೆ ಗೊತ್ತು? ಇವತ್ತು ತರಕಾರಿಯವಳ ಮೇಲೆ ರೇಗಿದರೆ, ನಾಳೆ ಅವಳೇ ಜೋಪಾನದವಳಾಗಿ, ಬೇಕೆಂದೇ ಒಂದು ಅಕ್ಷರ ಮರೆತರೆ? ಹಾಗಾಗಿ ಎಲ್ಲರೂ ಎಲ್ಲರಿಗೂ ನಮಸ್ಕಾರ ಹಾಕುವುದು, ಹಬ್ಬ ಬಂತೆಂದರೆ ಎಲ್ಲರ ಮನೆಗೂ ಹೋಳಿಗೆ ಕಳಿಸುವುದು. ಕಾಲು ತುಳಿದವನಿಗೆ ತುಳಿಸಿಕೊಂಡವನೇ ಕ್ಷಮಿಸಿ ಎನ್ನುತ್ತಿದ್ದ. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ನಾನು ಮಾತ್ರ ಏನನ್ನೂ ಕೊಟ್ಟಿರಲಿಲ್ಲ. ನನ್ನದು ನನ್ನ ಹತ್ತಿರವೇ ಇರಲಿ ಎನ್ನುವವಳು ನಾನು. ಅದರಿಂದ ಊರಿನಲ್ಲಿ ಧೈರ್ಯವಾಗಿ ಜಗಳವಾಡುವವಳು ನಾನೊಬ್ಬಳೇ ಉಳಿದೆ. ಪಾಪ, ನಾನು ಗ್ಯಾಸ್ ಸಿಲಿಂಡರಿನವನನ್ನು ಬಯ್ಯುವಾಗ ಕೇಳುವುದಕ್ಕೆಂದೇ ಜನ ಬಂದು ನಿಲ್ಲುತ್ತಿದ್ದರು.

ನನ್ನದು ಊಟದ ಮೆಸ್ಸು. ಮಂದಾಕಿನಿ ಎಂದು ಹೆಸರು, ಮಂದಕ್ಕನ ಮೆಸ್ಸು ಎಂದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ಸೌಟು ಹಿಡಿದೇ ಹುಟ್ಟಿದವಳು ಎಂದು ನನ್ನ ಬಗ್ಗೆ ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೆಯೇ ತಿಳಿದಿದ್ದೆ. ಎದುರಿಗೆ ತುಂಗಮ್ಮನ ಇಡ್ಲಿ ಅಂಗಡಿ. ಅವಳ ಇಡ್ಲಿಯ ವಿಚಾರ ನಾನು ಮಾತಾಡುವುದಿಲ್ಲ. ನಮ್ಮ ಯಜಮಾನರು ಚಿದಂಬರಯ್ಯ, ನೀರಿನ ಟ್ಯಾಂಕರ್ ಓಡಿಸುತ್ತಾರೆ. ಆ ಬಕೆಟ್ಟು ಮನೆಗೆ ಬಂದ ಮೇಲೆ ಅವರು ಏನು ಹಾಕಿದರೂ ತಿನ್ನುತ್ತಿದ್ದರು, ಎಲ್ಲವನ್ನೂ ಒಂದೇ ಮುಖದಲ್ಲಿ. ಚೆನ್ನಾಗಿದೆಯೇ ಎಂದರೆ ಇರಬಹುದು ಎನ್ನುತ್ತಿದ್ದರು. ಅಡುಗೆಯವಳಿಗೆ ಇದಕ್ಕಿಂತ ಬೇರೆ ಬೈಗುಳ ಬೇಕೆ? ಆದರೂ ಸಹಿಸಿಕೊಂಡೆ, ಹೊಟ್ಟೆಗಂತೂ ಬೀಳುತ್ತಿತ್ತಲ್ಲ ಎಂದು.

ಆಮೇಲೆ ಅವರಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹಸಿವು ಬರಲಿಲ್ಲ. ತಟ್ಟೆ ಇಟ್ಟರೆ ಮುಖ ತಿರುಗಿಸುವರು. ಗಂಜಿ ಬೇಡ, ಸಾರು ಬೇಡ, ಹಣ್ಣು ಬೇಡ. ಟ್ಯಾಂಕರಿನ ಸ್ಟೇರಿಂಗನ್ನು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ ಮನುಷ್ಯ, ಲೋಟ ಎತ್ತುವುದಕ್ಕೂ ಎರಡು ಕೈ ಹಿಡಿಯುವ ಹಾಗಾದರು. ಮೆಸ್ಸಿನಲ್ಲಿ ಪಂಕ್ತಿ ಪಂಕ್ತಿಗೆ ಜನ ಉಂಡು ತೇಗುತ್ತಿದ್ದರೆ ಒಳಗಿನ ಕೋಣೆಯಲ್ಲಿ ನನ್ನ ಗಂಡ ಹಸಿದು ಸೊರಗುತ್ತಿದ್ದರು. ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, ನನ್ನನ್ನು ಹೊರಗೆ ಕರೆದರು.

"ಔಷಧಿ ಕೆಲಸ ಮುಗೀತು ಮಂದಕ್ಕ. ಇನ್ನೇನಿದ್ರೂ ಊಟ. ಇವರಿಗೆ ಪ್ರಾಣ ಅನ್ನೋವಂಥದ್ದು ಏನಾದ್ರೂ ಮಾಡಿ ತಿನ್ಸಿ. ಹೀಗೇ ಬಿಟ್ರೆ ನಾನು ಭರವಸೆ ಕೊಡಲ್ಲ."

ಪ್ರಾಣ ಅನ್ನುವಂಥದ್ದು! ಅದು ಟಾಕೀಸಿನಲ್ಲಿತ್ತು.

ಸೆರಗು ಸಿಕ್ಕಿಸಿಕೊಂಡು ನೇರ ಅಲ್ಲಿಗೇ ಹೋದೆ. ಅನಿಕೇತ ಎಂದು ಅಲ್ಲಿಯ ಮ್ಯಾನೇಜರು, ಪರಸ್ಥಳದ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಅಮ್ಮ, ನಿಮ್ಮ ಖಾಸಗಿತನ ನಮಗೆ ಅಮೂಲ್ಯ ಎಂದು ಶುರುಮಾಡಿದ. ಅಮೂಲ್ಯವಾದರೆ ವಾಪಸು ಕೊಡಪ್ಪ, ಬಕೆಟ್ಟನ್ನೂ ತಂದಿದ್ದೇನೆ ಎಂದೆ. ಹಾಗೆ ಕೊಡಲು ಬರುವುದಿಲ್ಲವಂತೆ. ಹೆಂಡತಿಯಾದರೂ ನಾನು ಮೂರನೆಯವಳಂತೆ. ಗಂಡ ಹೆಂಡತಿ ಇಬ್ಬರೇ ಇರುವಾಗ ನಾನು ಮೂರನೆಯವಳು ಹೇಗಾದೆ ಎಂದು ಕೇಳಿದರೆ ನಕ್ಕ. ವಿಷಯದ ಒಡೆಯರೇ ಬಂದು ಕೇಳಬೇಕು, ಕೇಳುವ ಹಕ್ಕು ಅವರಿಗೆ ಖಂಡಿತ ಇದೆ, ಆ ಹಕ್ಕನ್ನು ಕಂಪನಿ ತುಂಬ ಗೌರವಿಸುತ್ತದೆ ಎಂದ. ಒಡೆಯರು ಹಾಸಿಗೆಯಿಂದ ಏಳಲಾರರು ಎಂದು ತಿಳಿದಾಗ, ಹಾಗಾದರೆ ಹಕ್ಕನ್ನೇ ಮನೆಗೆ ತರುತ್ತೇವೆ ಎಂದು ನನ್ನ ಜೊತೆಗೇ ಹೊರಟ. ಒಳ್ಳೆಯ ಹುಡುಗನೇ, ಬುದ್ಧಿಯನ್ನು ಕಂಪನಿಗೆ ಕೊಟ್ಟಿದ್ದ ಅಷ್ಟೆ.

ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ನೀವು ಚಿದಂಬರಯ್ಯನವರೇ ಎಂದು ನಮಗೆ ಖಾತ್ರಿಯಾಗಬೇಕು, ಒಂದೇ ಒಂದು ಪ್ರಶ್ನೆ ಕೇಳುತ್ತೇನೆ ಎಂದ. ಕೇಳಿ ಎಂದರು ಯಜಮಾನರು.

"ನಿಮಗೆ ಅತ್ಯಂತ ಇಷ್ಟವಾದ ಊಟ ಯಾವುದು?"

ನಾನು ಹಣೆ ಚಚ್ಚಿಕೊಂಡೆ. ಅದು ಗೊತ್ತಿದ್ದರೆ ನಿಮ್ಮನ್ನು ಯಾಕೆ ಕರೆಯುತ್ತಿದ್ದೆ ಸ್ವಾಮಿ ಎಂದು ಯಜಮಾನರು ಮೆಲ್ಲಗೆ ಹೇಳಿದರು. ಅದು ಸರಿಯುತ್ತರವಲ್ಲ ಎಂದ ಮ್ಯಾನೇಜರು, ಇನ್ನೆರಡು ಅವಕಾಶ ಇವೆ. ಯಜಮಾನರು ಕಣ್ಣು ಮುಚ್ಚಿ ಯೋಚಿಸಿ, ಬಿಸಿಬೇಳೆಬಾತ್ ಎಂದರು. ತಪ್ಪು. ಅಕ್ಕಿರೊಟ್ಟಿ ಎನ್ನಿ ಎಂದು ನಾನು ಪಿಸುಗುಟ್ಟಿದೆ, ಹೇಳಿದರು. ಅದೂ ತಪ್ಪು. ಮ್ಯಾನೇಜರು ಎದ್ದು ನಿಂತು, ಮುಖ ಸಣ್ಣದು ಮಾಡಿಕೊಂಡು, ನಿಮ್ಮ ಹಿತದೃಷ್ಟಿಯಿಂದ ಇನ್ನುಮುಂದೆ ನಿಮ್ಮ ವಿಷಯವನ್ನು ನಿಮ್ಮಿಂದಲೇ ರಕ್ಷಿಸಲಾಗುವುದು ಎಂದು ಹೇಳಿ ಹೋದ.

ಅವತ್ತು ಒಲೆಯ ಮುಂದೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಸಿಟ್ಟು ಬಂದ ಮೇಲೆ ಬುದ್ಧಿ ಓಡಿತು. ಆ ವಿಷಯ ಇರುವುದು ಸಮುದ್ರದಾಚೆ ಅಲ್ಲ, ಇದೇ ಊರಿನ ಒಂದು ತಲೆಯಲ್ಲಿ. ನಮ್ಮ ಊರಿನವರು ಸೋಪಿನ ಆಸೆಗೆ ಸರಿಯಾದದ್ದನ್ನು ಬಚ್ಚಿಡಬಲ್ಲರು. ಆದರೆ ತಪ್ಪನ್ನು ಕೇಳಿಸಿಕೊಂಡು ಸುಮ್ಮನಿರುವುದು ಈ ಊರಿನ ಮಣ್ಣಿನಲ್ಲೇ ಇಲ್ಲ. ಇಲ್ಲಿ ದಾರಿಹೋಕ ಬಸ್ಸಿನ ಹೊತ್ತು ತಪ್ಪು ಹೇಳಿದರೆ ಮಹಡಿ ಮೇಲೆ ಸ್ನಾನ ಮಾಡುತ್ತಿದ್ದವರು ಕಿಟಕಿಯಿಂದ ಸರಿ ಮಾಡುತ್ತಾರೆ. ಹೆಣದ ಮುಂದೆ ಅಳುವವಳು ಸತ್ತವನಿಗೆ ಎರಡು ವರ್ಷ ಹೆಚ್ಚು ಹಾಕಿದರೆ ಪಕ್ಕದವಳು ಅಳು ನಿಲ್ಲಿಸಿ ತಿದ್ದುತ್ತಾಳೆ.

ಮರುದಿನದಿಂದಲೇ ಶುರುಮಾಡಿದೆ. ತರಕಾರಿಯವಳ ಮುಂದೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ಒಳ್ಳೆ ಹಾಗಲಕಾಯಿ ಕೊಡಮ್ಮ, ನಮ್ಮ ಯಜಮಾನರಿಗೆ ಹಾಗಲಕಾಯಿ ಗೊಜ್ಜು ಎಂದರೆ ಜೀವ ಎಂದೆ. ಎಲ್ಲರ ಮುಖ ನೋಡಿದೆ. ಯಾರೂ ಮಿಸುಕಲಿಲ್ಲ. ನಿಂಗರಾಜನ ಅಂಗಡಿಯ ಮುಂದೆ ಹೋಗಿ ಅವರಿಗೆ ಬದನೆಕಾಯಿ ಇಲ್ಲದೆ ಊಟವೇ ಇಲ್ಲ ಎಂದೆ. ನಲ್ಲಿಯ ಹತ್ತಿರ ಒತ್ತು ಶಾವಿಗೆ ಎಂದೆ, ಹಿಟ್ಟಿನ ಗಿರಣಿಯಲ್ಲಿ ರಾಗಿ ಮುದ್ದೆ ಎಂದೆ. ಹೇಳಿದ್ದನ್ನೆಲ್ಲ ಮಾಡಿಯೂ ಮಾಡಿದೆ, ಎಲ್ಲಿಯಾದರೂ ತಗುಲಬಹುದೆಂದು. ಯಜಮಾನರು ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, ಬಲವಂತಕ್ಕೆ ನುಂಗಿ, ತಟ್ಟೆ ಸರಿಸುವರು. ಕೆನ್ನೆಯ ಮೂಳೆ ಎದ್ದುಬಂದಿತ್ತು. ಅದನ್ನು ನೋಡಿದಾಗೆಲ್ಲ ಸುಳ್ಳನ್ನು ಇನ್ನೂ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ.

ಹೀಗೆ ಸುಳ್ಳು ಹಂಚುತ್ತಿರುವಾಗ ಒಂದನ್ನು ಗಮನಿಸಿದೆ. ನಮ್ಮ ಬೀದಿಯ ಯಾವ ಮೂಲೆಯಲ್ಲಿ ನಾನು ಬಾಯಿ ತೆರೆದರೂ ಸಾಕು, ಅಂಗಡಿಯಲ್ಲಿದ್ದ ತುಂಗಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಹಾಗಲಕಾಯಿಗೆ ಸ್ವಲ್ಪ, ಬದನೆಕಾಯಿಗೆ ಇನ್ನಷ್ಟು. ಶಾವಿಗೆಯ ಹೊತ್ತಿಗೆ ಇಡ್ಲಿ ತಟ್ಟೆಯನ್ನು ಕುಕ್ಕಿ ಒಳಗೆ ಹೋದಳು. ಅಯ್ಯೋ ನನ್ನ ಹಣೆಬರಹವೇ, ಇಷ್ಟು ಜನರಿರುವ ಊರಿನಲ್ಲಿ ಇವಳ ತಲೆಯಲ್ಲೇ ಕೂರಬೇಕಿತ್ತೇ ಎಂದು ಹೊಟ್ಟೆ ಉರಿದುಹೋಯಿತು. ಆದರೆ ಗಂಡನ ಪ್ರಾಣದ ಮುಂದೆ ಹೊಟ್ಟೆಯುರಿ ಯಾವ ಲೆಕ್ಕ? ಮೆಸ್ಸಿನ ಜಗುಲಿಯ ಮೇಲೆ ನಿಂತೆ. ಎದುರಿನ ಬೆಂಚುಗಳ ತುಂಬ ಜನ ಇಡ್ಲಿ ತಿನ್ನುತ್ತಿದ್ದರು. ನನ್ನ ಕೈಯ ಅನ್ನವನ್ನೇ ಹೊಗಳಿಕೊಳ್ಳೋಣ ಎನ್ನಿಸಿತು, ಅವಳಿಗೆ ಅದಕ್ಕಿಂತ ಖಾರ ಬೇರೆ ಇಲ್ಲ.

ನಮ್ಮ ಯಜಮಾನರಿಗೆ ಬೇರೆ ಏನೂ ಬೇಡ, ನನ್ನ ಕೈಯ ಅನ್ನ ಇದ್ದರೆ ಸಾಕು ಎಂದೆ. ಮಲ್ಲಿಗೆ ಹೂವಿನಂಥ ಅನ್ನ, ಒಂದು ಅಗುಳು ಇನ್ನೊಂದಕ್ಕೆ ಅಂಟಬಾರದು, ಮದುವೆಯಾದ ದಿನದಿಂದ ಇವತ್ತಿನವರೆಗೆ ನನ್ನ ಪಾತ್ರೆಯ ತಳ ಹಿಡಿದದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಅವರು ನನ್ನ ಅಡುಗೆಗೆ ಮರುಳಾದದ್ದು ಎಂದೆ.

ತುಂಗಮ್ಮ ಸೆರಗನ್ನು ಬಾಯಿಂದ ಕಿತ್ತು ಹಾಕಿದಳು.

"ಥೂ, ಸುಳ್ಳಿ! ಅವ್ನಿಗೆ ಬೇಕಾಗಿರೋದು ತಳ ಹಿಡಿದ ಅನ್ನ ಕಣೇ. ಸೀದು ಕೆಂಪಗಾಗಿರೋದು. ಸೌಟಲ್ಲಿ ಕೆರ್ಕೊಂಡು ತಿನ್ನೋದು. ಇಷ್ಟು ದಿನ ನೀನು ಅವ್ನಿಗೆ ಮಲ್ಲಿಗೆ ಹೂವು ಬಡಿಸೋದನ್ನ ನೋಡಿ ನೋಡಿ ನಂಗೆ ಸಾಕಾಗಿ ಹೋಗಿತ್ತು."

ಹೇಳಿ ಮುಗಿಸಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಬೆಂಚಿನ ಮೇಲಿದ್ದವರು ಇಡ್ಲಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದರು. ನನಗಂತೂ ನಂಬಿಕೆಯೇ ಬರಲಿಲ್ಲ. ಸೀದ ಅನ್ನವೇ? ಮಂದಕ್ಕನ ಗಂಡನಿಗೆ?

ವಿಷಯ ಸೋರಿದರೆ ಕಂಪನಿಯ ನಿಯಮ ಬಹಳ ಕಟ್ಟುನಿಟ್ಟು. ಏನು ಸೋರಿತು ಎನ್ನುವುದನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಬೇಕು, ತಿಳಿದವರು ದೀಪ ಹಚ್ಚುವ ಹೊತ್ತಿಗೆ ಮರೆಯಬೇಕು. ಸ್ವಲ್ಪ ಹೊತ್ತಿಗೆಲ್ಲ ಮೈಕು ಕಟ್ಟಿದ ಆಟೋ ಬಂತು. ಮ್ಯಾನೇಜರೇ ಒಳಗೆ ಕೂತು ಓದುತ್ತಿದ್ದ. ಅತೀವ ವಿಷಾದದಿಂದ ತಿಳಿಸುವುದೇನೆಂದರೆ, ಚಿದಂಬರಯ್ಯನವರ ಅತ್ಯಂತ ಖಾಸಗಿಯಾದ ಈ ಕೆಳಗಿನ ವಿಷಯ ಸೋರಿಕೆಯಾಗಿರುತ್ತದೆ: ಮದುವೆಯಾದ ಹೊಸದರಲ್ಲಿ ಅವರ ಪತ್ನಿ ಮಂದಾಕಿನಿಯವರಿಗೆ ಅಡುಗೆ ಬರುತ್ತಿರಲಿಲ್ಲ, ದಿನವೂ ಅನ್ನ ಸೀಯಿಸಿ ಅಳುತ್ತಿದ್ದರು. ಅವರ ಅಳು ನಿಲ್ಲಿಸಲು ಚಿದಂಬರಯ್ಯನವರು ಪಾತ್ರೆಯನ್ನೇ ಮುಂದಿಟ್ಟುಕೊಂಡು, ಸೀದದ್ದೇ ರುಚಿ ಎಂದು ಸುಳ್ಳು ಹೇಳಿ, ಪತ್ನಿಯೊಂದಿಗೆ ಒಂದೇ ಪಾತ್ರೆಯಿಂದ ಕೆರೆದು ತಿನ್ನುತ್ತಿದ್ದರು. ಕೆಲವು ದಿನಗಳ ನಂತರ ಅದು ಸುಳ್ಳಾಗಿ ಉಳಿಯಲಿಲ್ಲ. ಕೇಳಿಸಿಕೊಂಡವರು ದಯವಿಟ್ಟು ಮರೆಯತಕ್ಕದ್ದು. ಆಟೋ ಪ್ರತಿಯೊಂದು ಬೀದಿಗೂ ಹೋಯಿತು. ಕೇಳಿಸಲಿಲ್ಲ ಎಂದವರ ಮನೆಯ ಮುಂದೆ ನಿಂತು ಇನ್ನೊಮ್ಮೆ ಓದಿತು. ಒಳಗಿನ ಕೋಣೆಯಲ್ಲಿ ನಿಶ್ಶಕ್ತಿಯ ಮಂಪರಿನಲ್ಲಿದ್ದ ಯಜಮಾನರಿಗೆ ಮಾತ್ರ ಏನೂ ಕೇಳಿಸಲಿಲ್ಲ.

ಊರಿನ ಮುಂದೆ ನನ್ನ ಮಾನ ಹೋಯಿತು. ನನ್ನ ಮೆಸ್ಸಿನಲ್ಲೇ ಉಣ್ಣುತ್ತಿದ್ದ ಗಿರಾಕಿಗಳು ಅನ್ನವನ್ನು ಬೆರಳಲ್ಲಿ ಕೆದಕಿ ನೋಡಿದರು. ಆದರೆ ಆ ಆಟೋ ಓದುತ್ತ ಹೋದ ಹಾಗೆ ನನಗೆ ಒಂದೊಂದೇ ನೆನಪಾಗುತ್ತಿತ್ತು. ಹೊಗೆ ತುಂಬಿದ ಆ ಬಾಡಿಗೆ ಕೋಣೆ, ಮಸಿ ಹಿಡಿದ ಆ ಪಾತ್ರೆ, ಅದನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡದ್ದು, ಇವರು ಕಿತ್ತುಕೊಂಡದ್ದು, ಹಲ್ಲಿಗೆ ಸಿಕ್ಕಿ ಕಟಕಟ ಎನ್ನುತ್ತಿದ್ದದ್ದು. ಇದನ್ನೆಲ್ಲ ಕೊಟ್ಟು ಬಂದರಲ್ಲ ಈ ಮನುಷ್ಯ ಎಂದು ಕಣ್ಣು ತುಂಬಿತು. ನಿಂತು ಅಳುವುದಕ್ಕೆ ಹೊತ್ತಿರಲಿಲ್ಲ. ದೀಪ ಹಚ್ಚುವುದರೊಳಗೆ ನಾನೂ ಮರೆಯುವವಳೇ.

ಊಟಕ್ಕೆ ಕೂತವರನ್ನು ಎಬ್ಬಿಸಿ ಕಳಿಸಿ, ಒಲೆಯ ಮೇಲೆ ಅನ್ನಕ್ಕಿಟ್ಟೆ. ಸೀಯಿಸುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ನೀರು ಇಂಗುತ್ತಿದ್ದಂತೆ ನನ್ನ ಕೈ ತಾನಾಗಿಯೇ ಹೋಗಿ ಉರಿ ಸಣ್ಣ ಮಾಡಿತು. ಬೈದುಕೊಂಡು ದೊಡ್ಡದು ಮಾಡಿದೆ. ಮತ್ತೆ ನೋಡುತ್ತೇನೆ, ಪಾತ್ರೆ ಕೆಳಗಿದೆ, ಇಳಿಸಿದವಳು ನಾನೇ. ಮಲ್ಲಿಗೆ ಹೂವಿನಂಥ ಅನ್ನ ನನ್ನನ್ನು ನೋಡಿ ನಗುತ್ತಿತ್ತು. ಹಾಳಾದ ಕೈ ಎಂದು, ಪಾತ್ರೆಯನ್ನು ಪುನಃ ಏರಿಸಿ, ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ವಾಸನೆ ಬಂತು. ನಾನು ತಿರುಗಲಿಲ್ಲ. ವಾಸನೆ ಜೋರಾಯಿತು. ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

ಬಾಗಿಲಲ್ಲಿ ಯಜಮಾನರು ಗೋಡೆ ಹಿಡಿದು ನಿಂತಿದ್ದರು. ಏನೋ ಸೀದ ವಾಸನೆ ಬಂತಲ್ಲೇ ಎಂದರು. ಮೂಗು ಅರಳಿತ್ತು. ಪಾತ್ರೆಯನ್ನು ಅವರ ಮುಂದಿಟ್ಟು, ಮೇಲಿನ ಅನ್ನ ತೆಗೆದು, ಸೌಟು ಕೈಗೆ ಕೊಟ್ಟೆ. ಒಮ್ಮೆ ಕೆರೆದರು, ಬಾಯಿಗಿಟ್ಟರು, ಅಗಿದರು. ಎಷ್ಟೋ ಕಾಲದ ಮೇಲೆ ಆ ಮುಖ ಬೇರೆಯಾದದ್ದನ್ನು ಕಂಡೆ. ಆಮೇಲೆ ಕೆರೆಯುವ ಸದ್ದು ಮಾತ್ರ.

ಬಿಸಿಲು ಇಳಿಯುವ ಹೊತ್ತಿಗೆ ಮ್ಯಾನೇಜರು ಬಂದ. ತುಂಗಮ್ಮನನ್ನು ಜೋಪಾನದಿಂದ ತೆಗೆದಿದೆ, ಸೋರಿದ ವಿಷಯವನ್ನು ಇಟ್ಟುಕೊಳ್ಳಲು ಬೇರೆ ತಲೆ ಸಿಕ್ಕಿಲ್ಲ, ಆದ್ದರಿಂದ ದೀಪದ ಹೊತ್ತಿಗೆ ಅದನ್ನು ಎಲ್ಲರಿಂದಲೂ ಶಾಶ್ವತವಾಗಿ ಅಳಿಸಲಾಗುವುದು ಎಂದ. ಒಂದು ಹೊತ್ತು ಉಂಡ ಮನುಷ್ಯ ನಾಳೆ ಏನು ಉಣ್ಣಬೇಕು? ಅವನನ್ನು ಜಗುಲಿಯ ಮೇಲೆ ಕೂರಿಸಿ, ಯಜಮಾನರ ಕಿವಿಗೆ ಬೀಳದ ಹಾಗೆ ಕೇಳಿದೆ.

"ಅಕ್ಕಿ ನಂದು, ಒಲೆ ನಂದು, ಸೀಯಿಸಿದ ಕೈ ನಂದು, ಅತ್ತ ಕಣ್ಣೂ ನಂದು. ನೀನು ಮೈಕಲ್ಲಿ ಓದಿದ್ದರಲ್ಲಿ ಅವರದೆಷ್ಟು, ನಂದೆಷ್ಟು? ನಾನು ಯಾವತ್ತಾದ್ರೂ ನಿಮ್ಮ ಕಿಂಡಿಗೆ ಬಾಯಿ ಇಟ್ಟಿದ್ದೀನಾ? ಯಾರನ್ನ ಕೇಳಿ ತಗೊಂಡ್ರಿ?"

ಹುಡುಗನ ಬಣ್ಣ ಇಳಿಯಿತು. ಚೀಲದಿಂದ ನಿಯಮದ ಪುಸ್ತಕ ತೆಗೆದು ಹಾಳೆ ಮಗುಚಿದ. ಒಪ್ಪಿಗೆಯಿಲ್ಲದೆ ಒಬ್ಬರ ವಿಷಯ ತೆಗೆದುಕೊಳ್ಳುವುದು ಕಂಪನಿಯಲ್ಲಿ ಮಹಾಪಾಪವಂತೆ. ಸಮುದ್ರದಾಚೆಗೆ ಫೋನು ಮಾಡಿದ. ನಿಮ್ಮ ಖಾಸಗಿತನ ನಮಗೆ ಅಮೂಲ್ಯ ಎಂದು ಒಂದು ಹೆಣ್ಣು ದನಿ ಹೇಳಿ ಸಂಗೀತ ಹಾಕಿತು. ಸಂಗೀತ ಮುಗಿಯಲಿಲ್ಲ. ಬೀದಿಯಲ್ಲಿ ಅಂಗಡಿಯವರು ದೀಪದ ಬತ್ತಿ ಸರಿಮಾಡುತ್ತಿದ್ದರು. ಫೋನು ಹಿಡಿದೇ ನನ್ನ ಮುಖವನ್ನು ನೋಡಿದ, ಒಳಗೆ ಪಾತ್ರೆ ಕೆರೆಯುವ ಸದ್ದನ್ನು ಕೇಳಿದ. ಬಹುಶಃ ಜೀವನದಲ್ಲಿ ಮೊದಲ ಬಾರಿಗೆ ಕಂಪನಿಯನ್ನು ಕೇಳದೆ ಒಂದು ತೀರ್ಮಾನ ಮಾಡಿದ.

"ಇದು ನಿಮ್ಮದು ಅಮ್ಮ, ನೀವೇ ಇಟ್ಟುಕೊಳ್ಳಿ. ಆದರೆ ಅವರು ಒಪ್ಪಿ ಕೊಟ್ಟಿದ್ದಾರೆ, ಅವರಿಗೆ ಮಾತ್ರ ಹೇಳುವ ಹಾಗಿಲ್ಲ. ಹೇಳಿದ ಕ್ಷಣವೇ ಅದು ನಿಮ್ಮಿಬ್ಬರಿಗೂ ಇರುವುದಿಲ್ಲ."

ದೀಪ ಹತ್ತಿತು. ಎದುರುಗಡೆ ತುಂಗಮ್ಮ ಅಂಗಡಿಯ ಮುಂದೆ ನಿಂತು, ಇವತ್ತು ತಾನು ಯಾರ ಮೇಲೆ ಕೂಗಾಡಿದ್ದು, ತನ್ನ ಗಂಟಲು ಯಾಕೆ ಕಟ್ಟಿದೆ ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದಳು. ಯಾರಿಗೂ ಗೊತ್ತಿರಲಿಲ್ಲ. ನೀವು ನಮ್ಮ ಊರಿನವರಲ್ಲ, ಅದಕ್ಕೆ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಈಗ ಯಜಮಾನರು ಮೊದಲಿನ ಹಾಗೆಯೇ ಟ್ಯಾಂಕರ್ ಓಡಿಸುತ್ತಾರೆ. ನನ್ನ ಮನೆಯಲ್ಲಿ ಅನ್ನ ಆಗಾಗ ತಳ ಹಿಡಿಯುತ್ತದೆ. ಮಂದಕ್ಕನ ಕೈ ಹೋಯಿತು ಎಂದು ಮೆಸ್ಸಿನಲ್ಲಿ ಗುಸುಗುಸು, ತುಂಗಮ್ಮನಂತೂ ಬೆಂಚುಗಳನ್ನು ಹೆಚ್ಚಿಸಿದ್ದಾಳೆ. ಏನೇ ಮಂದಾ, ಇವತ್ತೂ ಸೀಯಿಸಿದೆಯಾ, ನಿನಗೆ ವಯಸ್ಸಾಯಿತು ಕಣೇ, ಒಲೆಯ ಮುಂದೆ ನಿಂತು ಏನು ಯೋಚನೆ ಮಾಡುತ್ತೀ ಎಂದು ಯಜಮಾನರು ಬಯ್ಯುತ್ತಾರೆ. ನನ್ನ ಅಡುಗೆಯ ಬಗ್ಗೆ ಬೇರೆ ಯಾರಾದರೂ ಹಾಗಂದಿದ್ದರೆ ಸಾರಿನ ಪಾತ್ರೆ ತಲೆಯ ಮೇಲೆ ಮಗುಚುತ್ತಿದ್ದೆ. ಇವರಿಗೆ, ಹೌದು ರೀ, ಮರೆತುಹೋಯಿತು ಎನ್ನುತ್ತೇನೆ. ಬಯ್ಯುತ್ತ ಬಯ್ಯುತ್ತಲೇ ಅವರು ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಕೆರೆಯುತ್ತಾರೆ. ಕೊನೆಯಲ್ಲಿ ಒಂದಿಷ್ಟು ಉಳಿಸಿ ಪಾತ್ರೆಯನ್ನು ನನ್ನ ಕಡೆ ನೂಕುತ್ತಾರೆ. ತಾವು ಯಾಕೆ ನೂಕುತ್ತೇವೆ ಎಂದು ಅವರಿಗೆ ಗೊತ್ತಿಲ್ಲ, ನಾನು ಹೇಳುವ ಹಾಗಿಲ್ಲ. ಸುಮ್ಮನೆ ಕೂತು ತಿನ್ನುತ್ತೇನೆ.